ಸ್ಮಿತ್ ಅಂದರೆ ಉರಿದುಬೀಳುವ ಲೋರ್ಕನ್

ಐರ್ಲೆಂಡಿನ ನಮ್ಮ ಕ್ಯಾವನ್ ಸೀಮೆಯ ಅಂಚೆ ಕಚೇರಿಯಲ್ಲಿ ಯಾರಾದರೂ ‘ಸ್ಮಿತ್’ ಎಂದು ಕೂಗಿದರೆ ಸಾಕು, ಮುದುಕ ಲೋರ್ಕನ್ ಮೆಕ್‌ಗವನ್ ಕೊಡೆಯಿಂದ ನೆಲ ಕುಟ್ಟುತ್ತಾನೆ. “ಯಾವ ಸೀಮೆ ಸ್ಮಿತ್ತೋ? ನಾವು ಮೆಕ್‌ಗವನ್, ಅಂದ್ರೆ ಐರಿಷ್‌ನಲ್ಲಿ ಕಮ್ಮಾರನ ಮಕ್ಳು! ಇಂಗ್ಲಿಷ್ ಗುಮಾಸ್ತನ ನಾಲ್ಗೆ ಹೊರಳ್ಲಿಲ್ಲ ಅಂತ, ಕಮ್ಮಾರನಿಗೆ ಅವನ ಭಾಷೇಲಿ ಏನಂತಾರೋ ಅದನ್ನೇ, ಸ್ಮಿತ್ ಅಂತ ಗೀಚ್ದ. ನೀವು ನಾಚ್ಕೆ ಇಲ್ದೆ ಹೊತ್ಕೊಂಡ್ ತಿರುಗ್ತಿದೀರಿ!” ಟೆಲಿಫೋನ್ ಪುಸ್ತಕದ ಸ್ಮಿತ್‌ಗಳಿಗೆಲ್ಲ ಕೆಂಪು ಗೀಟೆಳೆಯುತ್ತಾನೆ, ನಾಮಕರಣದ ದಿನ ಪಾದ್ರಿಯ ಕಿವಿಯ ಪಕ್ಕದಲ್ಲೇ ನಿಂತು ಕಾಗುಣಿತ ತಿದ್ದುತ್ತಾನೆ. “ಸುಮ್ನಿರೋ ಮಾರಾಯ, ನೀನ್ ಕಿರುಚಿದ್ರೆ ಬಿಯರ್ ಹುಳಿಯಾಗತ್ತೆ” ಎಂದು ಪಬ್ಬಿನ ಗ್ರಾನ್ಯೆ ಗದರಿದರೆ, ಅವಳ ತವರಿನ ಹೆಸರನ್ನೂ ಜಾಲಾಡುತ್ತಾನೆ. ಸ್ಮಿತ್ ಮನೆತನದವನಾದ ನಾನು ಬೈಸಿಕೊಂಡಷ್ಟು ಯಾರೂ ಬೈಸಿಕೊಂಡಿಲ್ಲ. ಹೋದ ವಾರ, ಕನ್ನಡಕ ಮರೆತ ಲೋರ್ಕನ್ ಒಂದು ಕಾಗದವನ್ನು ನನ್ನ ಕೈಯಲ್ಲಿ ಓದಿಸಿದ. ಅವನ ಅಣ್ಣ ಓಯಿನ್ ಕಟ್ಟಡದ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದ. ಐರಿಷ್ ಹೆಸರು ಕೇಳಿದರೆ ಯಾರೂ ಕೆಲಸ ಕೊಡದಿದ್ದುದರಿಂದ ಜಾನ್ ಸ್ಮಿತ್ ಆಗಿ, ಅಲ್ಲೇ ತೀರಿಕೊಂಡಿದ್ದ. ಗೋರಿ ಎಲ್ಲಿದೆ ಎಂದು ಲೋರ್ಕನ್ ಬರೆದು ಕೇಳಿದ್ದಕ್ಕೆ ಲಂಡನ್ನಿನ ಸ್ಮಶಾನದವರು ಉತ್ತರಿಸಿದ್ದರು: “ನಮ್ಮಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನವರು ಇನ್ನೂರ ಹನ್ನೊಂದು ಮಂದಿ. ನಿಮ್ಮವರು ಯಾರು?” ಲೋರ್ಕನ್ ಕಾಗದ ಕಿತ್ತುಕೊಂಡು ನನ್ನ ಮುಖಕ್ಕೇ ಕೂಗಿದ: “ಹೇಳೋ ಸ್ಮಿತ್ತಾ, ಯಾವನ ತಲೆಗೆ ಹೂ ಇಡ್ಲಿ?”