ಐಸಿನ ಮೇಲೆ ಒಡೆದ ಕಾಯಿ

ಊಟಕ್ಕೆ ಕೂರುವ ಮೊದಲು ಕೋಚ್ ಮುಖವನ್ನು ಗೋಡೆಯ ಕಡೆ ತಿರುಗಿಸಿ ತಮ್ಮ ಮುಂದಿನ ನಾಲ್ಕು ಹಲ್ಲುಗಳನ್ನು ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕುತ್ತಿದ್ದರು. ನಮ್ಮ ಕುಚ್ಚಲಕ್ಕಿ ಅನ್ನ ಆ ಸೆಟ್ಟಿನ ಅಡಿಗೆ ಸಿಕ್ಕಿ ನೋಯುತ್ತದಂತೆ. ಆರಡಿ ಮೂರಿಂಚಿನ ಆಳು. ಹಣೆಯ ಮೇಲೆ ಹೊಲಿಗೆಯ ಗುರುತು, ಒಂದು ಕಿವಿ ತುಸು ಮುದುಡಿಕೊಂಡದ್ದು. ಹಲ್ಲು ತೆಗೆದ ಕೂಡಲೇ ಆ ಮುಖ ಆರು ತಿಂಗಳ ಮಗುವಿನದಾಗಿಬಿಡುತ್ತಿತ್ತು. "ಸಾರಿ, ಟೀಚರ್. ನಾಟ್ ಬ್ಯೂಟಿಫುಲ್" ಎಂದು ತೊದಲಿ ಬಸಳೆ ಹುಳಿಗೆ ಕೈ ಹಾಕುತ್ತಿದ್ದರು.

ಹಲ್ಲು ಹೋದದ್ದು ಇಪ್ಪತ್ಮೂರನೆಯ ವಯಸ್ಸಿನಲ್ಲಿ. ಗೋಲಿನ ಮುಂದಿನ ನೂಕಾಟದಲ್ಲಿ ಮುಖದ ಮಾಸ್ಕ್ ಕಳಚಿ, ಯಾರದೋ ಸ್ಟಿಕ್ ಬಾಯಿಗೆ ಬಡಿಯಿತಂತೆ. ಆ ಕಥೆ ಹೇಳಿದಾಗಲೆಲ್ಲ ಕೊನೆಗೆ ಬೆರಳೆತ್ತಿ, "ಬಟ್ ನೋ ಗೋಲ್!" ಎನ್ನುತ್ತಿದ್ದರು.

ಅವರು ಝೆಕ್ ದೇಶದವರು, ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಆಗಿದ್ದವರು. ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟಿನ ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಗೆ ಅಂಥವರೊಬ್ಬರು ಬಂದು ಸೇರಿದ್ದು ಹೇಗೆಂದರೆ, ಕಲ್ಯಾಣ್–ಶಿಳ್ ರಸ್ತೆಯ ಒಂದು ಮಾಲ್‌ನಲ್ಲಿ ಐಸ್ ರಿಂಕ್ ಮಾಡಿ, ಸ್ಕೇಟಿಂಗ್ ಕಲಿಸಲು ಇವರನ್ನು ಕರೆಸಿದ್ದರು. ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಕಡೆ ಎಲ್ಲರಿಗೂ ಇಂಥ ಹುಚ್ಚು ಹಿಡಿದಿತ್ತು. ಹೊರಗೆ ಮೂವತ್ತೆಂಟು ಡಿಗ್ರಿ ಬೆವರು, ಒಳಗೆ ಹೆಪ್ಪುಗಟ್ಟಿದ ನೆಲ. ಆ ರಿಂಕಿನ ಮ್ಯಾನೇಜರ್ ನನ್ನ ಹಳೆಯ ವಿದ್ಯಾರ್ಥಿ, ಉಡುಪಿಯ ಕಡೆಯವನು. ನಾನು ಇಲ್ಲಿನ ಕಾನ್ವೆಂಟ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಅವನೇ ಕೋಚ್‌ಗೆ ನಮ್ಮ ಎದುರಿನ ಫ್ಲ್ಯಾಟ್ ಕೊಡಿಸಿದ. "ಟೀಚರ್, ಇವರಿಗೆ ಸ್ವಲ್ಪ ಇಂಗ್ಲಿಷ್ ಕಲಿಸಿ ಮಾರಾಯ್ರೆ. ಕಸ್ಟಮರ್ ಜೊತೆ ಮಾತಾಡಿದ್ರೆ ಜಗಳ ಆಡಿದ ಹಾಗೆ ಕೇಳ್ತದೆ" ಎಂದ.

ವಾರಕ್ಕೆ ಮೂರು ದಿನ ಪಾಠ, ಪಾಠದ ನಂತರ ಊಟ. ಅವರ ಕೆರಿಯರ್ ಪೂರ್ತಿ ನಾನು ಕೇಳಿದ್ದು ಪಾಸ್ಟ್ ಟೆನ್ಸ್ ಪ್ರಾಕ್ಟೀಸಿನ ನೆಪದಲ್ಲಿ. ಐದನೆಯ ವಯಸ್ಸಿನಲ್ಲಿ ಊರಿನ ಫೈರ್ ಬ್ರಿಗೇಡ್ ಶೆಡ್ಡಿನ ಹಿಂದಿನ ಕೆರೆ ಹೆಪ್ಪುಗಟ್ಟಿದಾಗ ಆಡಲು ಹೋದದ್ದು. ಓಟದಲ್ಲಿ ಎಲ್ಲರಿಗಿಂತ ನಿಧಾನ ಎಂದು ದೊಡ್ಡ ಹುಡುಗರು ಗೋಲಿಗೆ ನಿಲ್ಲಿಸಿದ್ದು. ಹತ್ತೊಂಬತ್ತಕ್ಕೆ ಪ್ರೊಫೆಷನಲ್. ಆಮೇಲೆ ಹದಿನೇಳು ವರ್ಷ, ಮೂರು ಕ್ಲಬ್ಬು, ಹೆಚ್ಚಿನದೆಲ್ಲ ಎರಡನೆಯ ದರ್ಜೆಯ ಲೀಗಿನಲ್ಲಿ. ಒಂದೇ ಒಂದು ಸೀಸನ್ ಮೇಲಿನ ಲೀಗಿಗೆ ಕರೆಸಿಕೊಂಡರು, ಎರಡನೆಯ ಗೋಲ್‌ಕೀಪರ್ ಎಂದು. "ಮೈ ಜಾಬ್ ವಾಸ್ ಓಪನ್ ದ ಡೋರ್" ಎಂದು ನಕ್ಕರು. ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಒಳಗೆ ಹೊರಗೆ ಓಡಾಡುವಾಗ ಬಾಗಿಲು ತೆಗೆಯುವುದು, ಮುಚ್ಚುವುದು. ಇಡೀ ಸೀಸನ್ನಿನಲ್ಲಿ ಮೊದಲನೆಯವನಿಗೆ ಪೆಟ್ಟಾದ ಒಂದು ಸಂಜೆ ಇಪ್ಪತ್ತು ನಿಮಿಷ ಆಡಿದರು.

"ಎಷ್ಟು ಗೋಲ್ ಬಿಟ್ಟಿರಿ?" ಎಂದು ಕೇಳಿದೆ.

"ಫೋರ್. ಟೂ ಮೈನ್, ಟೂ ನಾಟ್ ಮೈನ್."

ಅದು ಅವರ ಪದ್ಧತಿ. ಪ್ರತಿ ಮ್ಯಾಚ್ ಮುಗಿದ ಮೇಲೆ ಹೋದ ಪ್ರತಿಯೊಂದು ಗೋಲನ್ನೂ ಪುಸ್ತಕದಲ್ಲಿ ಬರೆದಿಡುವುದು. ಯಾವುದು ತನ್ನ ತಪ್ಪು, ಯಾವುದು ಅಲ್ಲ. ಹದಿನೇಳು ವರ್ಷ ಹಾಗೆ ಬರೆದರು. "ಬೇರೆಯವರ ತಪ್ಪನ್ನೂ ನಿಮ್ಮದೆಂದು ಬರೆಯುತ್ತಿದ್ದಿರಾ, ಜಂಟಲ್‌ಮ್ಯಾನ್ ಹಾಗೆ?" ಎಂದು ತಮಾಷೆ ಮಾಡಿದೆ. ಅವರಿಗೆ ಸಿಟ್ಟೇ ಬಂತು. "ನೋ, ಟೀಚರ್. ದಟ್ ಈಸ್ ಆಲ್ಸೋ ಲೈ."

ಬಿಲ್ಡಿಂಗಿನ ಸೊಸೈಟಿಯವರಿಗೆ ಅವರ ಮೇಲೆ ದೂರು ಇದ್ದದ್ದು ಒಂದೇ. ಕಾಲಿಗೆ ಕಟ್ಟುವ ಹಾಸಿಗೆಯಂಥ ಪ್ಯಾಡುಗಳನ್ನು ಬಾಲ್ಕನಿಯಲ್ಲಿ ಒಣಗಿಸುತ್ತಿದ್ದರು, ಕೆಳಗಿನ ಮನೆಗಳಿಗೆ ಬೆವರಿನ ವಾಸನೆ. ಸೆಕ್ರೆಟರಿ ನೋಟಿಸ್ ಕೊಟ್ಟಾಗ ಇವರು ಮಾರನೆಯ ದಿನ ಅವರ ಮನೆಗೇ ಹೋಗಿ ಅಗರಬತ್ತಿಯ ದೊಡ್ಡ ಪ್ಯಾಕೆಟ್ ಕೊಟ್ಟು ಬಂದರು. ಕುಡಿತ? ಭಾನುವಾರ ರಾತ್ರಿ ಒಂದು ಬಾಟ್ಲಿ ಬಿಯರ್, ಅದೂ ಊಟದ ಜೊತೆ. ರಿಂಕಿನ ಕೆಲಸವಿದ್ದ ದಿನ ಒಂದು ಹನಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ, ಬಿ.ಪಿ. ಏರುತ್ತದೆ ಎನ್ನುತ್ತಾರೆ ಡಾಕ್ಟರು. ಏರಲಿ.

ಆಯುಧಪೂಜೆಯ ದಿನ. ರಿಂಕಿನಲ್ಲಿ ಐಸಿನ ಮೇಲ್ಪದರವನ್ನು ಹೆರೆದು ನಯ ಮಾಡುವ ಟ್ರ್ಯಾಕ್ಟರಿನಂಥ ಮಶೀನ್ ಇತ್ತು. ಅದಕ್ಕೆ ಚೆಂಡು ಹೂವಿನ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ಕೋಚ್ ಖುಷಿಯಿಂದ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ನನ್ನನ್ನೂ ಕರೆದಿದ್ದರು, ರೇಷ್ಮೆ ಸೀರೆಯ ಮೇಲೆ ಶಾಲು ಸುತ್ತಿಕೊಂಡು ಬೆಂಚಿನಲ್ಲಿ ಕೂತಿದ್ದೆ. ಮಾಲೀಕರ ಹೆಂಡತಿ ತೆಂಗಿನಕಾಯಿ ಹಿಡಿದು ಐಸಿನ ಕಡೆ ನಡೆದಾಗ ಮಾತ್ರ ಕೋಚ್ ಅಡ್ಡ ಬಂದರು. "ಪ್ಲೀಸ್, ಮ್ಯಾಡಮ್, ಹಿಯರ್, ಆನ್ ಫ್ಲೋರ್!"

"ಅರೆ, ಬರಫ್ ಪರ್ ಹೀ ತೋ ಧಂದಾ ಹೈ ಹಮಾರಾ" ಎಂದು, ನಮ್ಮ ವ್ಯಾಪಾರವೇ ಐಸಿನ ಮೇಲಲ್ಲವೇ ಎಂದು, ಆಕೆ ಕಾಯಿಯನ್ನು ಐಸಿಗೇ ಬಡಿದರು. ಚಪ್ಪಾಳೆ. ಕರಟದ ಚೂರುಗಳು ಜಾರಿಕೊಂಡು ಮೂಲೆ ಮೂಲೆ ಸೇರಿದವು, ಕಾಯಿಯ ನೀರು ಹೋದಲ್ಲೆಲ್ಲ ಹೆಪ್ಪುಗಟ್ಟಿತು.

ಕೋಚ್ ಮಂಡಿಯೂರಿ ಟಾರ್ಚ್ ಹಿಡಿದು ಚೂರು ಹೆಕ್ಕತೊಡಗಿದರು. ಅವರ ಜೊತೆ ಹೌಸ್‌ಕೀಪಿಂಗ್‌ನ ಹೆಂಗಸೊಬ್ಬಳು, ಕಲಬುರಗಿಯ ಕಡೆಯವಳು, ಠಾಕುರ್ಲಿಯ ಚಾಳಿನಿಂದ ಬರುವವಳು. ಅರ್ಧ ಗಂಟೆಯಾದ ಮೇಲೆ ಅವಳು ಎದ್ದು ಮ್ಯಾನೇಜರನಿಗೆ ಹೇಳಿದಳು: "ಸಾಹೇಬ್ರ, ಬರಫಿನ ಒಳಗ ಚೂರ ಸಿಕ್ಕೊಂಡಾವ್ರಿ. ಕೈಲಿಂದ ಬರಂಗಿಲ್ಲ. ಮಶೀನ್ ಹೊಡಸ್ರಿ."

ಕೋಚ್ ಕೇಳಿದ್ದೂ ಅದನ್ನೇ. ಮಶೀನ್ ಒಂದು ಸುತ್ತು ಬಂದರೆ ಮೇಲ್ಪದರದ ಜೊತೆ ಚೂರೂ ಹೋಗುತ್ತದೆ. ಆದರೆ ಪೂಜೆ ಮಾಡಿದ ಮಶೀನನ್ನು ಆ ದಿನ ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲೂ ಆ ದಿನ ಕತ್ತರಿ, ಈಳಿಗೆಮಣೆ ಮುಟ್ಟುವುದಿಲ್ಲ. ಹಾಗಾದರೆ ರಿಂಕ್ ಮುಚ್ಚಿ ಎಂದರು ಕೋಚ್. ಅದೂ ಆಗುವುದಿಲ್ಲ, ನಾಲ್ಕು ಗಂಟೆಗೆ ಕಾರ್ಪೊರೇಟರ್ ಒಬ್ಬರ ಮೊಮ್ಮಗಳ ಬರ್ತ್‌ಡೇ ಪಾರ್ಟಿ ಬುಕ್ ಆಗಿದೆ. "ಕುಛ್ ನಹೀ ಹೋತಾ, ಏನೂ ಆಗುದಿಲ್ಲ ಕೋಚ್ ಸಾಬ್. ದೇವಿಯ ಪ್ರಸಾದ ಅದು" ಎಂದ ನನ್ನ ವಿದ್ಯಾರ್ಥಿ.

ಮಗುವಿಗೆ ಏಳು ವರ್ಷ. ಗುಲಾಬಿ ಫ್ರಾಕು. ಅವಳ ಸ್ಕೇಟಿನ ಅಲಗು ಚೂರಿಗೆ ಸಿಕ್ಕಿ ಅವಳು ಮುಂದಕ್ಕೆ ಎಗರಿದ್ದನ್ನು ನಾನು ಕಣ್ಣಾರೆ ಕಂಡೆ. ತಲೆ ನೇರವಾಗಿ ಅಂಚಿನ ಹಲಗೆಯ ಕಡೆಗೆ. ಹತ್ತು ಅಡಿ ದೂರದಲ್ಲಿದ್ದ ಕೋಚ್ ಮಂಡಿಯ ಮೇಲೆ ಜಾರಿ ಬಂದು, ಎರಡೂ ಕಾಲು ಅಗಲಿಸಿ, ಅವಳನ್ನು ಎದೆಯ ಮೇಲೆ ತೆಗೆದುಕೊಂಡರು. ಅವರ ಬೆನ್ನು ಹಲಗೆಗೆ ಬಡಿದ ಸದ್ದಿಗೆ ಸಂಗೀತ ಹಾಕಿದವನು ನಿಲ್ಲಿಸಿಬಿಟ್ಟ. ಮಗುವಿನ ತುಟಿ ಅವಳ ಹಲ್ಲಿಗೇ ತಾಗಿ ಒಂದು ಹನಿ ರಕ್ತ, ಅಷ್ಟೇ. ಕೋಚ್‌ರ ಬಲ ಮಂಡಿ ಅಲ್ಲೇ ಹೋಯಿತು. ಐಸಿಗೆ ಇಳಿಯುವಾಗ ಅವರು ಹಲ್ಲಿನ ಸೆಟ್ ತೆಗೆದಿಡುತ್ತಿದ್ದರು. ನೋವಿಗೆ ತಮ್ಮ ಭಾಷೆಯಲ್ಲಿ ಕೂಗಿದ್ದು ತೊದಲಾಗಿ ಕೇಳಿಸಿತು. ಮಗುವಿನ ಅಜ್ಜ ಕಿರುಚಿದರು: "ಹಾ ಗೋರಾ ದಾರೂ ಪಿಊನ್ ಆಲಾಯ್!" ಬಿಳಿಯ ಕುಡಿದು ಬಂದಿದ್ದಾನೆ ಎಂದು. ಇಡೀ ರಿಂಕು ನಂಬಿತು.

ಮಾರನೆಯ ಬೆಳಿಗ್ಗೆ ಕೋಚ್ ಆಸ್ಪತ್ರೆಯಲ್ಲಿದ್ದಾಗ ಮ್ಯಾನೇಜರ್ ನಮ್ಮ ಮನೆಗೆ ಬಂದ. ನಾನು ನೀರುದೋಸೆ ಹುಯ್ಯುತ್ತಿದ್ದೆ, ಅವನಿಗೂ ಎರಡು ಹಾಕಿದೆ. ತಿಂದು ಕೈ ತೊಳೆದು ಒಂದು ಕಾಗದ ಮುಂದಿಟ್ಟ. "ಗ್ರಾಮರ್ ಒಂದು ನೋಡಿ ಟೀಚರ್. ಕಂಟೆಂಟ್ ಎಲ್ಲ ಮ್ಯಾನೇಜ್‌ಮೆಂಟಿನದ್ದು."

ಕೋಚ್ ಕುಡಿದಿದ್ದರು, ಬ್ಯಾಲೆನ್ಸ್ ತಪ್ಪಿ ಮಗುವಿನ ಮೇಲೆ ಬಿದ್ದರು, ಆದಕಾರಣ ಕೆಲಸದಿಂದ ತೆಗೆದಿದೆ ಎಂದು ಬರೆದಿತ್ತು. ಕಾಯಿಯ ಸುದ್ದಿಯೇ ಇಲ್ಲ.

"ಇದು ಸುಳ್ಳಲ್ವೇನೋ? ನಾನು ಅಲ್ಲೇ ಇದ್ದೆ" ಎಂದೆ.

"ಟೀಚರ್, ಮಾಲೀಕರ ಹೆಂಡತಿಯ ಹೆಸರು ಬರೆಯಲಿಕ್ಕೆ ಆಗ್ತದಾ? ನನ್ನ ನೌಕರಿ? ಇದು ಫೈಲಲ್ಲಿ ಬಿದ್ದಿರುವ ಕಾಗದ, ಯಾರು ಓದ್ತಾರೆ? ಅವರು ಹೇಗೂ ದುಬೈಯ ರಿಂಕಿನ ಕೆಲಸಕ್ಕೆ ಹೋಗುವವರು. ನಿಮ್ಮ ಇಂಗ್ಲಿಷ್ ಈ ಡೊಂಬಿವಲಿಯಲ್ಲಿ ಬೇರೆ ಯಾರಿಗಿದೆ ಹೇಳಿ?"

ನನ್ನ ಕೆಂಪು ಪೆನ್ನು ಟೇಬಲ್ಲಿನ ಮೇಲೇ ಇತ್ತು. ಏನು ಮಾಡಿದೆನೆಂದು ಬರೆಯಲೇಬೇಕು. ನಾನು ಆ ಕಾಗದವನ್ನು ತಿದ್ದಿದೆ. ಕೆಟ್ಟ ಇಂಗ್ಲಿಷ್ ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಕ್ರಿಯಾಪದ ತಿದ್ದಿದೆ, ವಾಕ್ಯ ಜೋಡಿಸಿದೆ. "ನಾಟ್‌ವಿತ್‌ಸ್ಟ್ಯಾಂಡಿಂಗ್ ರಿಪೀಟೆಡ್ ವಾರ್ನಿಂಗ್ಸ್" ಎಂದು, ಅಂದರೆ ಮತ್ತೆ ಮತ್ತೆ ಎಚ್ಚರಿಸಿದರೂ ಎಂದು, ಒಂದು ಜಾಗದಲ್ಲಿ ಸೇರಿಸಿದೆ ಕೂಡ, ವಾಕ್ಯಕ್ಕೆ ತೂಕ ಬರಲೆಂದು. ಯಾವ ವಾರ್ನಿಂಗು? ಯಾರು ಕೊಟ್ಟದ್ದು? ಸುಳ್ಳು ಅವನದ್ದು, ಅದಕ್ಕೆ ಇಸ್ತ್ರಿ ಹಾಕಿದವಳು ನಾನು. ಆ ಅವಿವೇಕಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದ.

ನಾಲ್ಕು ದಿನದ ನಂತರ ಕೋಚ್ ಊರುಗೋಲಿನಲ್ಲಿ ನಮ್ಮ ಬಾಗಿಲಿಗೆ ಬಂದರು. ಕಾಗದವನ್ನು ಡೈನಿಂಗ್ ಟೇಬಲ್ಲಿನ ಮೇಲೆ ಬಿಡಿಸಿಟ್ಟರು.

"ದಿಸ್ ಇಂಗ್ಲಿಷ್ ಈಸ್ ವೆರಿ ಗುಡ್" ಎಂದರು.

ಅವರ ದಪ್ಪ ಬೆರಳು ಆ ಉದ್ದನೆಯ ಶಬ್ದದ ಕೆಳಗೆ ನಿಂತಿತು. ಹಿಂದಿನ ವಾರವಷ್ಟೇ ಅದನ್ನು ನಾನು ಕಲಿಸಿದ್ದೆ. ಲೋಕಲ್ ಟ್ರೇನಿನಷ್ಟು ಉದ್ದ ಇದೆ ಎಂದು ಮೂರು ಸಲ ಹೇಳಿ ನಕ್ಕಿದ್ದರು.

"ಮ್ಯಾನೇಜರ್ ಡಸ್ ನಾಟ್ ನೋ ದಿಸ್ ವರ್ಡ್, ಟೀಚರ್. ಯೂ ನೋ ದಿಸ್ ವರ್ಡ್."

"ಯೆಸ್" ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುರ್ಚಿ ಎಳೆದು ಕೂತು, ದುಬೈಯ ರಿಂಕಿನವರು ಹಳೆಯ ಕಂಪನಿಗೆ ಇಮೇಲ್ ಬರೆದು ಕೇಳಿದರೆಂದೂ, ಇಲ್ಲಿಂದ ಈ ಕಾಗದವೇ ಹೋಯಿತೆಂದೂ, ಅವರು ಬೇಡವೆಂದರೆಂದೂ ಒಂದೊಂದಾಗಿ ಹೇಳಿದರು. ಮೂವತ್ತು ವರ್ಷ ಐಸಿನ ಮೇಲೆ ಇದ್ದೆ, ಕುಡುಕ ಎಂದು ಯಾರೂ ಬರೆದಿರಲಿಲ್ಲ ಎಂದರು. "ಐ ಡಿಡ್ ನಾಟ್ ಫಾಲ್. ಐ ವೆಂಟ್ ಡೌನ್ ಫಾರ್ ದ ಚೈಲ್ಡ್. ಯೂ ಸಾ." ನೀವು ನೋಡಿದ್ದಿರಿ ಎಂದು. ಅವತ್ತು ಅವರು ಊಟ ಮಾಡಲಿಲ್ಲ. ಆಮೇಲೂ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ.

ಆ ಮಧ್ಯಾಹ್ನವೇ ನಡೆದದ್ದನ್ನೆಲ್ಲ ಇದ್ದ ಹಾಗೆ ಬರೆದೆ. ಕಾಯಿ, ಕರಟದ ಚೂರು, ಮುಟ್ಟದೆ ಬಿಟ್ಟ ಮಶೀನು. ಇನ್ನೊಂದು ಸಾಕ್ಷಿ ಬೇಕೆಂದು ಠಾಕುರ್ಲಿಯ ಚಾಳಿಗೆ ಹೋದೆ. ಕಲಬುರಗಿಯ ಆ ಹೆಂಗಸು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಕನ್ನಡದಲ್ಲಿ ಸಹಿ ಹಾಕಿದಳು.

"ನೌಕರಿ ಹೋದರೆ?" ಎಂದು ನಾನೇ ಎಚ್ಚರಿಸಿದೆ.

"ಹೋದ್ರ ಒಂದ್ ಕಸಬರಗಿ ಹೋಗ್ತದ್ರಿ ಟೀಚರಬಾಯಿ. ಕೋಚ್ ಸಾಹೇಬ್ರು ನಮ್ಮ ಜೋಡಿ ನೆಲದ ಮ್ಯಾಲ ಕುಂತು ಚೂರ ಹೆಕ್ಕ್ಯಾರ. ಕುಡದಾವ್ರು ಹೆಕ್ತಾರೇನ್ರಿ?" ಎಂದವಳು ನನ್ನ ಮುಖ ನೋಡಿದಳು. "ನೀವು ಅಲ್ಲೇ ಕುಂತಿದ್ರಲ್ಲ. ಮೊದಲ ದಿನಾನೇ ಯಾಕ್ ಹೇಳಲಿಲ್ರಿ?"

ಕಾಗದವನ್ನು ದುಬೈಗೂ ರಿಂಕಿನ ಮಾಲೀಕರಿಗೂ ಕಳಿಸಿದೆ. ಮೂರನೆಯ ದಿನ ಅವಳನ್ನು ತೆಗೆದುಹಾಕಿದರು. ಈಗ ಶಹಾಡ್‌ನ ಒಂದು ಕಾರ್ಖಾನೆಯಲ್ಲಿ ಗುಡಿಸುತ್ತಾಳೆ. ದುಬೈಯವರು ನನ್ನ ಕಾಗದಕ್ಕೆ ಉತ್ತರ ಕೊಡಲಿಲ್ಲ, ಅಷ್ಟರಲ್ಲಿ ಬೇರೆ ಕೋಚ್ ಸಿಕ್ಕಿದ್ದಿರಬೇಕು. ಕೋಚ್‌ಗೆ ಅದರ ಪ್ರತಿ ಕೊಟ್ಟಾಗ ಅವರು ನಿಧಾನವಾಗಿ ಓದಿ, "ಥ್ಯಾಂಕ್ಯೂ. ಲೇಟ್" ಎಂದರು. ಡಿಸೆಂಬರಿನಲ್ಲಿ ಹೊರಟುಹೋದರು. ರಿಂಕು ಇನ್ನೊಂದು ವರ್ಷ ಕಷ್ಟಪಟ್ಟು ನಡೆದು ಮುಚ್ಚಿತು, ಈಗ ಆ ಜಾಗದಲ್ಲಿ ಫರ್ನಿಚರ್ ಅಂಗಡಿ.

ಪ್ರತಿ ಹೊಸ ವರ್ಷಕ್ಕೆ ನಾನು ಕಾರ್ಡ್ ಕಳಿಸುತ್ತಿದ್ದೆ. ಐದು ವರ್ಷ ಉತ್ತರವಿಲ್ಲ. ಆರನೆಯ ವರ್ಷ ಅವರ ತಂಗಿ ಬರೆದಳು. ಊರಿನ ರಿಂಕಿನಲ್ಲಿ ಮಕ್ಕಳಿಗೆ ಕಲಿಸಬೇಕೆಂದು ಕೇಳಿದ್ದರಂತೆ. ಮಂಡಿಯನ್ನು ನೋಡಿ ಬೇಡವೆಂದು, ಐಸ್ ನಯ ಮಾಡುವ ಮಶೀನ್ ಓಡಿಸುವ ಕೆಲಸ ಕೊಟ್ಟರಂತೆ. ಕೊನೆಯವರೆಗೂ ಅದನ್ನೇ ಮಾಡಿ, ಹೃದಯಾಘಾತದಲ್ಲಿ ಹೋದರಂತೆ. ನನ್ನ ಕಾರ್ಡುಗಳ ಬಗ್ಗೆ ಅವಳು ಏನೂ ಬರೆದಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾರಂಭ. ಮುಖ್ಯ ಅತಿಥಿ ಅವನೇ, ರಿಂಕಿನ ಆ ಮ್ಯಾನೇಜರ್. ಈಗ ನವಿ ಮುಂಬಯಿಯಲ್ಲಿ ಎರಡು ಮಾಲ್‌ಗಳಿಗೆ ಅವನೇ ಡೈರೆಕ್ಟರ್. ನಿವೃತ್ತ ಟೀಚರುಗಳನ್ನೆಲ್ಲ ಸ್ಟೇಜಿಗೆ ಕರೆದು ಶಾಲು ಹೊದಿಸುತ್ತಿದ್ದರು. ನನ್ನ ಸರದಿ ಬಂದಾಗ ಅವನು ಮೈಕಿನಲ್ಲಿ, "ಮೈ ಇಂಗ್ಲಿಷ್, ಮೈ ಕೆರಿಯರ್, ಎವರಿಥಿಂಗ್ ಐ ಓ ಟು ದಿಸ್ ಲೇಡಿ" ಎಂದು ಹೇಳಿ ಕಾಲು ಮುಟ್ಟಲು ಬಗ್ಗಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವನ ಕೈಯಿಂದ ಮೈಕ್ ತೆಗೆದುಕೊಂಡೆ.

"ಟೀಚರ್, ಪ್ಲೀಸ್" ಎಂದ ಕೆಳದನಿಯಲ್ಲಿ. "ಇವತ್ತು ಬೇಡ. ನನ್ನ ಹೆಂಡತಿ ಮಕ್ಕಳು ಎದುರಿಗೆ ಕೂತಿದ್ದಾರೆ."

ಅವನಿಗೆ ಗೊತ್ತಿತ್ತು ನಾನು ಏನು ಹೇಳುವವಳೆಂದು. ಅಷ್ಟು ವರ್ಷ ಅವನೂ ಮರೆತಿರಲಿಲ್ಲ ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ನಾನು ಹೇಳಿದೆ: ನನ್ನ ಈ ವಿದ್ಯಾರ್ಥಿ ಒಂದು ಸುಳ್ಳು ಕಾಗದ ಬರೆದ. ಅದರ ಇಂಗ್ಲಿಷನ್ನು ನಾನು ತಿದ್ದಿಕೊಟ್ಟೆ. ಒಬ್ಬ ಕೋಚ್ ಕುಡಿದು ಮಗುವಿನ ಮೇಲೆ ಬಿದ್ದರೆಂದು ಅದರಲ್ಲಿದೆ. ಅವರು ಕುಡಿದಿರಲಿಲ್ಲ. ತಮ್ಮ ಮಂಡಿ ಕೊಟ್ಟು ಆ ಮಗುವಿನ ತಲೆ ಉಳಿಸಿದರು. ನಾನು ಅಲ್ಲೇ ಕೂತು ನೋಡಿದ್ದೆ.

ಅಷ್ಟರಲ್ಲಿ ಯಾರೋ ಮೈಕಿನ ವೈರ್ ಕಿತ್ತರು. ಟೀ ಬ್ರೇಕ್ ಎಂದು ಹೆಡ್‌ಮಿಸ್ಟ್ರೆಸ್ ಕೈಸನ್ನೆ ಮಾಡತೊಡಗಿದರು. ಹಿಂದಿನ ಸಾಲಿನವರು ಏನಂತೆ, ಏನಂತೆ ಎಂದು ಪಕ್ಕದವರನ್ನು ಕೇಳುತ್ತಿದ್ದರು.

ಮೂವತ್ತೊಂದು ವರ್ಷ, ಒಂದೊಂದು ಕ್ಲಾಸಿಗೆ ಅರವತ್ತೈದು ಮಕ್ಕಳು, ಕಿಟಕಿಯ ಆಚೆ ಫಾಸ್ಟ್ ಲೋಕಲುಗಳ ಗದ್ದಲ. ನನಗೆ ಯಾವತ್ತು ಮೈಕ್ ಬೇಕಿತ್ತು? ಸತ್ತ ಮೈಕನ್ನು ಅವನ ಕೈಗೇ ಕೊಟ್ಟು, ಶಾಲು ಸರಿಮಾಡಿಕೊಂಡು, ಕೊನೆಯ ಸಾಲಿನವರೆಗೂ ಕೇಳುವ ಹಾಗೆ ಮೊದಲಿನಿಂದ ಮತ್ತೆ ಹೇಳಿದೆ.