ಮೊಳೆಬಾಯಿಯ ಕೆಳತುಟಿ

ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಮೊಳೆಬಾಯಿ ಒಂದು ಹಳೇ ಕುರ್ಚಿಯ ಅಂಚಿಗೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದರು. ಇನ್ನೊಂದು ಚಿಟಿಕೆ ಮೊಳೆ ಹಾಕಿಕೊಳ್ಳೋಣವೆಂದು ಬಾಯಿ ತೆರೆದರೆ ದವಡೆ ಅರ್ಧಕ್ಕೇ ನಿಂತಿತು.

ಕುಶನ್ ಕೆಲಸದ ಹಳಬರೆಲ್ಲ ಮೊಳೆ ಇಟ್ಟುಕೊಳ್ಳುವುದು ಬಾಯಲ್ಲೇ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಅಯಸ್ಕಾಂತದ ಮೂತಿಯ ಸುತ್ತಿಗೆ. ಮೂರನೇ ಕೈ ದೇವರು ಕೊಟ್ಟಿಲ್ಲ. ನಾಲಿಗೆ ಒಂದೊಂದೇ ಮೊಳೆಯನ್ನು ತಿರುಗಿಸಿ, ತಲೆ ಹೊರಗೆ ಮಾಡಿ, ಕೆಳತುಟಿಯ ಮೇಲೆ ತಂದಿಡುತ್ತದೆ. ಸುತ್ತಿಗೆ ಅಲ್ಲಿಂದ ಎತ್ತಿಕೊಳ್ಳುತ್ತದೆ. ಮೊಳೆಯ ಮೊನೆ ಎತ್ತ ಇದೆ ಎಂದು ನೋಡಲು ಕಣ್ಣಿಗೆ ಆಗುವುದಿಲ್ಲ, ತುಟಿಯೇ ಹೇಳಬೇಕು. ಮೂವತ್ತೊಂದು ವರ್ಷ ಹೀಗೆ ದುಡಿದು ಅವರಿಗೆ ಮೊಳೆಬಾಯಿ ಎಂದೇ ಹೆಸರು ಬಿದ್ದಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವರು ಬದುಕಿದ್ದೂ ಬಾಯಿಂದಲೇ, ಆದರೆ ಮಾತಾಡಿ ಅಲ್ಲ.

ಅಂಗಡಿಯಲ್ಲಿ ಜೊತೆಗಿದ್ದವನು ಹೆಂಡತಿಯ ತಮ್ಮ. ಅವನದು ಗಾಳಿಯಿಂದ ನಡೆಯುವ ಪಿನ್ ಗನ್ನು. ಟಪ್ ಟಪ್ ಎಂದರೆ ಒಂದು ಕುರ್ಚಿ ಮುಗಿಯಿತು. ಭಾವ ಮೊಳೆಗಳನ್ನು ಅಂಗೈಗೆ ಉಗುಳುವುದನ್ನು ಕಂಡು, ಇವತ್ತು ಇಷ್ಟು ಬೇಗ ಹೊಟ್ಟೆ ತುಂಬಿತಾ ಎಂದು ಕೇಳಿದ. ಊದಿದ ಕೆನ್ನೆ ಕಂಡ ಮೇಲೆ ತಾನೇ ಗಾಡಿ ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋದ.

ಎಕ್ಸ್-ರೇಯಲ್ಲಿ ಸಂಗತಿ ಸ್ಪಷ್ಟವಾಗಿತ್ತು. ಬಲಗಡೆ ಕೆಳಗಿನ ಬುದ್ಧಿಹಲ್ಲು ಮೇಲೇಳಲು ಜಾಗವಿಲ್ಲದೆ ದವಡೆಯೊಳಗೇ ಅಡ್ಡ ಮಲಗಿತ್ತು. ಅದರ ತಲೆಯ ಸುತ್ತ ನೀರು ತುಂಬಿದ ಒಂದು ಚೀಲ. ಇಂಥ ಚೀಲ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತದೆ, ಈಗ ಕೀವು ಸೇರಿದ್ದರಿಂದ ಗೊತ್ತಾಯಿತು, ಹಾಗೇ ಬಿಟ್ಟರೆ ಒಂದು ದಿನ ಗಟ್ಟಿಯಾದ್ದೇನಾದರೂ ಕಚ್ಚಿದಾಗ ದವಡೆಯೇ ಮುರಿದೀತು ಎಂದು ಡಾಕ್ಟರಮ್ಮ ವಿವರಿಸಿದರು. ಐವತ್ತೆರಡಾದರೂ ಭಾವನಿಗೆ ಬುದ್ಧಿ ಮೇಲೆ ಬಂದಿಲ್ಲ ಎನ್ನೋದಕ್ಕೆ ಅಕ್ಕನಿಗೆ ಫೋಟೋ ಸಮೇತ ಸಾಕ್ಷಿ ಸಿಕ್ಕಿತಲ್ಲ ಎಂದು ಬಾಮೈದ ನಕ್ಕ.

ಆದರೆ ಆ ಹಲ್ಲಿನ ಬೇರು ಕೆಳತುಟಿಗೆ ಹೋಗುವ ನರಕ್ಕೆ ಅಂಟಿಕೊಂಡಿತ್ತು.

“ಬೇರು ಹೀಗಿರೋ ನೂರು ಜನರಲ್ಲಿ ಹತ್ತು ಜನಕ್ಕೆ ತುಟಿ ಕೆಲವು ತಿಂಗಳು ಜೋಮು ಹಿಡಿದ ಹಾಗಿರುತ್ತೆ,” ಎಂದರು ಡಾಕ್ಟರಮ್ಮ. “ಒಬ್ಬಿಬ್ಬರಿಗೆ ಹಾಗೇ ಉಳಿದುಬಿಡುತ್ತೆ. ತುಟಿ ಅಲ್ಲಾಡುತ್ತೆ, ಮುಟ್ಟಿದ್ದು ಗೊತ್ತಾಗಲ್ಲ ಅಷ್ಟೆ.”

“ಮೇಡಂ, ನನ್ನ ಕಸುಬು ಇರೋದೇ ಆ ‘ಅಷ್ಟೆ’ಯಲ್ಲಿ,” ಎಂದರು ಮೊಳೆಬಾಯಿ.

ಹಲ್ಲಿನ ತಲೆ ಮಾತ್ರ ಕೊಯ್ದು ಬೇರು ಬಿಡಲಾಗದೇ ಎಂದು ಕೇಳಿದರು. ಕೆಲವರಿಗೆ ಹಾಗೂ ಮಾಡುತ್ತಾರಂತೆ. ಇವರ ಚೀಲ ಬೇರಿನ ತನಕ ಇಳಿದಿದ್ದರಿಂದ ಎಲ್ಲವೂ ಹೊರಗೆ ಬರಲೇಬೇಕಿತ್ತು. ಕೀವು ಇಳಿಯಲು ಮಾತ್ರೆ ನುಂಗಿ, ಹತ್ತನೇ ದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಚುಚ್ಚುಮದ್ದು ಕೊಟ್ಟು, ಒಸಡು ಬಿಡಿಸಿ, ಮೂಳೆಯನ್ನು ಒಂದಿಷ್ಟು ಕೊರೆದು, ಹಲ್ಲನ್ನು ಮೂರು ತುಂಡು ಮಾಡಿ ತೆಗೆದರು. ಚೀಲವನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಟ್ಟು ಐವತ್ತು ನಿಮಿಷ. ಹಳೇ ಕುರ್ಚಿಯ ಕೀಲು ಕಿತ್ತುಬರದಿದ್ದರೆ ತಾವೂ ಜಗ್ಗುವುದಿಲ್ಲ, ಕೊಯ್ದೇ ತೆಗೆಯುವುದು ಎಂದು ಮೊಳೆಬಾಯಿ ಮಲಗಿದಲ್ಲೇ ಯೋಚಿಸಿದರು.

ಚುಚ್ಚುಮದ್ದಿನ ಜೋಮು ಸಂಜೆಗೆ ಇಳಿಯಬೇಕಿತ್ತು. ಎಡಗಡೆ ಅದು ಮೊದಲೇ ಇರಲಿಲ್ಲ. ಬಲಗಡೆಯ ಕೆಳತುಟಿ ಮಾತ್ರ ಮರುದಿನವೂ, ಹೊಲಿಗೆ ಬಿಚ್ಚಿದ ದಿನವೂ ಯಾರದೋ ತುಟಿಯ ಹಾಗಿತ್ತು.

ಮೂರನೇ ವಾರ, ಬಾಯಿಗೆ ಮೊಳೆ ಹಾಕಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರೂ, ಬಾಮೈದ ಹೊರಗೆ ಹೋದ ಹೊತ್ತು ನೋಡಿ ಆರು ಮೊಳೆ ಹಾಕಿಕೊಂಡರು. ಐದು ಸುತ್ತಿಗೆಗೆ ಸಿಕ್ಕವು. ಆರನೆಯದನ್ನು ನುಂಗಿದೆನೇ ಎಂದು ನಾಲಿಗೆಯಿಂದ ಬಾಯೆಲ್ಲ ತಡಕಿದರು. ತಿರುಗಿ ಬಂದ ಬಾಮೈದ ಮುಖ ನೋಡಿ ಅಲ್ಲೇ ನಿಂತ.

“ಭಾವ, ತುಟಿಯಲ್ಲಿ ನೆಟ್ಟಿದೆ.”

ಗಲ್ಲದ ಮೇಲೆ ರಕ್ತ ಇಳಿದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಬಾಮೈದ ಅಂದು ತಮಾಷೆ ಮಾಡಲಿಲ್ಲ. ಗನ್ನನ್ನು ಒರೆಸಿ ಭಾವನ ಮೇಜಿನ ಮೇಲಿಟ್ಟ. ಅದು ಅವರಿಗೆ ಮೊಳೆಗಿಂತ ಹೆಚ್ಚು ಚುಚ್ಚಿತು.

ಡಾಕ್ಟರಮ್ಮ ಗಾಯ ನೋಡಿ ಕೇಳಿದಾಗ, ಗಡ್ಡ ಹೆರೆಯುವಾಗ ಆಯಿತು ಎಂದರು.

“ಬ್ಲೇಡು ಕೊಯ್ಯುತ್ತೆ, ಚುಚ್ಚಲ್ಲ,” ಎಂದು ಡಾಕ್ಟರಮ್ಮ ಅಷ್ಟಕ್ಕೇ ಬಿಟ್ಟರು.

ತಿಂಗಳಿಗೊಮ್ಮೆ ತಪಾಸಣೆ. ಸರದಿಗೆ ಕಾಯುವಾಗ ಪಕ್ಕದಲ್ಲಿ ಕೂತವರ ಬಾಯಿಯ ಕಥೆಗಳೆಲ್ಲ ಕಿವಿಗೆ ಬೀಳುತ್ತಿದ್ದವು. ಗಾಡಿ ಗುದ್ದಿ ದವಡೆ ಮುರಿದ ಡ್ರೈವರೊಬ್ಬನಿಗೆ ಮೂಳೆ ಕೂಡಲೆಂದು ಮೇಲು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರು. ಅವನು ಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದ. ಒಬ್ಬ ಅಜ್ಜಿಗೆ ಹಲ್ಲು ಮುರಿದು ಬೇರಿನ ಚೂರು ಒಳಗೇ ಉಳಿದು ಕೀವಾಗಿತ್ತು. ಇನ್ನೊಬ್ಬರಿಗೆ ಹಲ್ಲಿಲ್ಲದ ಜಾಗದಲ್ಲಿ ಮೂಳೆಗೇ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವವರಿದ್ದರು. ಮೊಳೆಬಾಯಿಗೆ ಆ ಕೋಣೆ ತಮ್ಮ ಅಂಗಡಿಗಿಂತ ಬಹಳ ಬೇರೆ ಎನಿಸಲಿಲ್ಲ.

ಒಳಗೆ ಅವರು ಕಣ್ಣು ಮುಚ್ಚಬೇಕು. ಡಾಕ್ಟರಮ್ಮ ಕೈವಾರದಂಥ, ಎರಡು ಮೊನೆಯ ಉಪಕರಣದಿಂದ ಬಲತುಟಿಯನ್ನು ಮುಟ್ಟುವರು; ಒಂದು ಮೊನೆಯೋ ಎರಡೋ ಹೇಳಬೇಕು. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೇ ಸಲ, ಮೂರನೇ ಸಲ, ಮೊನೆಗಳನ್ನು ಎಷ್ಟು ದೂರ ಮಾಡಿದರೂ ಒಂದೇ ಎನಿಸಿತು. ಊಹಿಸಿ ಎರಡು ಎನ್ನಬಹುದಿತ್ತು. ಆದರೆ ಸುಳ್ಳು ಹೇಳಿದರೆ ನಾಳೆ ಮೊಳೆ ಸುಮ್ಮನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಗಡಿಯಲ್ಲಿ ಆ ತಿಂಗಳುಗಳೆಲ್ಲ ಡಬ್ಬಿಯಿಂದ ಒಂದೊಂದೇ ಮೊಳೆ ಹೆಕ್ಕಿ ಹೊಡೆದರು, ಗನ್ನು ಮುಟ್ಟಲಿಲ್ಲ.

ಐದನೇ ತಿಂಗಳು ಮತ್ತೆ ಕಣ್ಣು ಮುಚ್ಚಿದರು.

“ಒಂದಾ, ಎರಡಾ?”

ಮೊಳೆಬಾಯಿ ಇನ್ನೊಮ್ಮೆ ಮುಟ್ಟಲು ಹೇಳಿದರು. ಸಾಲು ಮೊಳೆಗಳ ನಡುವಿನ ಸಂದನ್ನು ಅಳೆಯುವಾಗಿನಂತೆ ತಲೆ ತುಸು ವಾಲಿತು. ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಒಂದೂ ಅಲ್ಲ, ಎರಡೂ ಅಲ್ಲ. ಡಾಕ್ಟರಮ್ಮ ಮೊನೆಗಳ ನಡುವೆ ಸ್ಕೇಲಿಟ್ಟು ನೋಡಿ, ಅಳತೆ ಸರಿಯಾಗಿದ್ದುದರಿಂದ, ರೋಗಿಯ ಮಾತು ಎಂದು ಅದನ್ನೇ ಕಡತದಲ್ಲಿ ಬರೆದುಕೊಂಡರು: “ಒಂಬತ್ತು ಮಿಲಿಮೀಟರ್.”