ಮಾತು ನಿಂತರೆ ನಿಲ್ಲುವ ಕ್ರೇನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹದಿನಾಲ್ಕನೇ ಮಹಡಿಯ ಅಂಚಿನಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ. ಸೊಂಟದ ಬೆಲ್ಟಿನ ಕೊಕ್ಕೆಯನ್ನು ಕಂಬಕ್ಕೆ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸುತ್ತಾರೆ, ಜಗ್ಗಿ ನೋಡುತ್ತಾರೆ, ನಂಬಿಕೆ ಸಾಲದೆ ಮತ್ತೊಮ್ಮೆ ಜಗ್ಗುತ್ತಾರೆ. ಗೋಡೆಗಳಿಲ್ಲದ ಆ ಮಹಡಿಯಲ್ಲಿ ಗಾಳಿ ಸಿಮೆಂಟಿನ ಪುಡಿಯನ್ನು ನೆಲದುದ್ದಕ್ಕೂ ಗುಡಿಸುತ್ತಿದೆ. ಅವರು ಅದಕ್ಕೆ ಬೆನ್ನು ಕೊಟ್ಟು ವಾಕಿಟಾಕಿಯನ್ನು ಬಾಯಿಯ ಬಳಿ ತರುತ್ತಾರೆ.

"ಕ್ರೇನ್, ಕ್ರೇನ್. ಸಿಗ್ನಲ್ ಮಾತಾಡ್ತಿದೀನಿ. ಕೇಳಿಸ್ತಿದೆಯಾ?"

ಇನ್ನೊಮ್ಮೆ ಕೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ 'ಟಕ್' ಎಂದು ಒಂದು ಸದ್ದು ಬರುತ್ತದೆ, ಅಷ್ಟೇ. ಮೇಲೆ ಕ್ರೇನಿನ ಗೂಡಿನಲ್ಲಿ ಕುಳಿತ ಮನುಷ್ಯ ಗುಂಡಿ ಒತ್ತಿ ಬಿಟ್ಟಿದ್ದಾರೆ, ಬಾಯಿ ತೆರೆದಿಲ್ಲ.

"ಕೇಳಿಸ್ತಂತೆ," ಎನ್ನುತ್ತಾರೆ ಅವರು, ಕೆಲಸ ನೋಡಲು ಬಂದ ನಮ್ಮ ಕಡೆ ತಿರುಗಿ, ನಗಲು ನೋಡಿ. "ಮೊದಲೆಲ್ಲ 'ಎದ್ರಾ ತಾಯಿ, ಕಾಫಿ ಆಯ್ತಾ' ಅಂತ ಕೇಳೋರು. ಈಗ ಬರೀ ಟಕ್."

ಸೈಟಿನಲ್ಲಿ ಎಲ್ಲರಿಗೂ ಇವರು ಮಾತಿನಕ್ಕ. ಕ್ರೇನು ಎತ್ತುವ ಲೋಡಿಗೆ ದಾರಿ ಹೇಳುವುದು ಇವರ ಕೆಲಸ. ಮೇಲೆ ಕುಳಿತವರಿಗೆ ಹದ್ದಣ್ಣ ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಏಣಿ ಹತ್ತಿದರೆ ಊಟದ ಹೊತ್ತಿಗಷ್ಟೇ ಇಳಿಯುವ ಆಸಾಮಿ. ಆದರೆ ಈ ಹದ್ದಿಗೆ ಹಿಂಬದಿಯ ಓಣಿ ಕಾಣುವುದಿಲ್ಲ. ಒಂದು ಕಾಲಕ್ಕೆ ಕಾಣುತ್ತಿತ್ತು. ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಕಚೇರಿ ಕಟ್ಟಡ ಎದ್ದು, ಇದರ ಹೆಗಲಿಗೆ ಹೆಗಲು ಕೊಟ್ಟು ನಿಂತಿತು. ಗಾಜು ಹೊತ್ತ ಲಾರಿ ನಿಲ್ಲುವುದು ಎರಡು ಕಟ್ಟಡಗಳ ನಡುವಿನ ಆ ಸಂದಿಯಲ್ಲೇ. ಹಾಗಾಗಿ ಹದ್ದಣ್ಣ ಎತ್ತುವುದು ತಮಗೆ ಕಾಣದ ವಸ್ತುವನ್ನು, ಇಡುವುದು ತಮಗೆ ಕಾಣದ ಜಾಗದಲ್ಲಿ. ನಡುವಿನ ದಾರಿಯೆಲ್ಲ ಅಕ್ಕನ ದನಿ.

"ಪಕ್ಕದ ಬಿಲ್ಡಿಂಗ್ ಎದ್ದಿದ್ದಕ್ಕೇ ನಂಗೆ ಈ ಕೆಲಸ ಸಿಕ್ಕಿದ್ದು," ಎನ್ನುತ್ತಾರೆ. "ಊರೆಲ್ಲ ಬೈಲಾಗಿದ್ರೆ ಯಾರಿಗೆ ಬೇಕಿತ್ತು ನನ್ನ ಬಾಯಿ?"

ಬೈಲು ಇನ್ನೆಲ್ಲಿ ಬಂತು? ಈ ರಸ್ತೆಯಲ್ಲಿ ತಲೆ ಎತ್ತಿದಲ್ಲೆಲ್ಲ ಕ್ರೇನುಗಳ ಉದ್ದನೆಯ ತೋಳು. ಕಟ್ಟಡದ ಮುಂಬದಿಯಲ್ಲಿ 'ಕಚೇರಿ ಜಾಗ ಬಾಡಿಗೆಗೆ' ಎಂಬ ದೊಡ್ಡ ಫಲಕವಿದೆ. ಅದರಲ್ಲಿ ಮಹಡಿ ಮಹಡಿಯಾಗಿ ಕೆಂಪು ಪಟ್ಟಿ ಅಂಟಿಸುತ್ತ ಬಂದಿದ್ದಾರೆ: 'ಭರ್ತಿಯಾಗಿದೆ'. ಮೇಲೆ ಗಾಜು ಕೂರುವ ಮೊದಲೇ ಕೆಳಗಿನ ಒಂಬತ್ತು ಮಹಡಿಗಳಲ್ಲಿ ಜನ ಕುರ್ಚಿ ಎಳೆದು ಕುಳಿತಿದ್ದಾರೆ. ಅವರು ಬರುವುದು ಮುಂಬಾಗಿಲಿನಿಂದ, ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು. ಅಕ್ಕ ಬರುವುದು ಹಿಂದಿನ ತಗಡಿನ ಗೇಟಿನಿಂದ. ಅಲ್ಲಿಯೂ ಕುತ್ತಿಗೆಗೆ ಕಾರ್ಡು ಇದೆ, ಆದರೆ ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕಿ ಅದು ಯಾವಾಗಲೂ ಬೆನ್ನ ಮೇಲೆ ಬಿದ್ದಿರುತ್ತದೆ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಲೋಡು ಗಾಳಿಯಲ್ಲಿರುವಷ್ಟು ಹೊತ್ತೂ ಸಿಗ್ನಲ್ ಕೊಡುವವರು ಮಾತಾಡುತ್ತಲೇ ಇರಬೇಕು. "ಮೇಲೆ, ಮೇಲೆ, ನಿಧಾನ, ಇನ್ನೊಂದಾಳು ಎತ್ತರ, ಮೇಲೆ." ಮಾತು ಕೇಳುತ್ತಿದ್ದರೆ ಕ್ರೇನು ನಡೆಯುತ್ತದೆ. ಮಾತು ನಿಂತರೆ, ಕಾರಣ ಕೇಳದೆ ಕ್ರೇನು ನಿಲ್ಲಬೇಕು. ಬ್ಯಾಟರಿ ಸತ್ತಿರಬಹುದು, ಮಾತಾಡುವವರು ಬಿದ್ದಿರಬಹುದು, ಏನೂ ಆಗಿರಬಹುದು. ವಾಕಿಟಾಕಿಯ ಆ ತರಂಗದಲ್ಲಿ ಮೂರನೆಯವರು ಬಾಯಿ ಹಾಕುವಂತಿಲ್ಲ.

ಇದನ್ನು ಕಲಿತ ಬಗೆಯನ್ನು ನೆನೆದರೆ ಅಕ್ಕನಿಗೆ ಈಗಲೂ ನಗು. ಮೊದಲು ಇಟ್ಟಿಗೆ ಹೊರುತ್ತಿದ್ದರು. ಆಮೇಲೆ ಹೊಸ ಕಾಂಕ್ರೀಟಿಗೆ ನೀರು ಹಾಕುತ್ತಿದ್ದರು. ಗೇಟಿನಲ್ಲಿ ಲಾರಿಗಳನ್ನು ಹಿಂದಕ್ಕೆ ತೆಗೆಸುವಾಗ ಇವರ ಗಂಟಲಿನ ಶಕ್ತಿ ಕಂಡವರು ತರಬೇತಿಗೆ ಕಳಿಸಿದರು. ಅಲ್ಲಿನ ಮೇಷ್ಟ್ರು ಒಬ್ಬ ಗಂಡಾಳಿಗೆ ಕಣ್ಣು ಕಟ್ಟಿ, ಕೈಗೆ ತುಂಬಿದ ಬಕೆಟ್ಟು ಕೊಟ್ಟು, ಕಂಬಗಳ ನಡುವೆ ಬಿಡುತ್ತಿದ್ದರು. ಅವನನ್ನು ಮಾತಿನಲ್ಲೇ ಆಚೆ ತುದಿಗೆ ದಾಟಿಸಬೇಕು. "ಮೊದಲನೇ ದಿನ ಅವನನ್ನ ಸೀದಾ ಕಂಬಕ್ಕೆ ಗುದ್ದಿಸ್ದೆ. ಮೈಯೆಲ್ಲ ನೀರು. 'ಅಕ್ಕಾ, ಮನೇಲಿ ಗಂಡನ್ನೂ ಹೀಗೇ ನಡೆಸ್ತೀರಾ?' ಅಂದ. 'ಅವರು ನಾನು ಹೇಳಿದ್ದು ಕೇಳಿದ್ರೆ ತಾನೇ' ಅಂದೆ."

ವೆಲ್ಡಿಂಗ್ ಕೆಲಸದ ಗಂಡ, ವಯಸ್ಸಾದ ಅತ್ತೆ, ಮಧ್ಯೆ ಪರದೆ ಎಳೆದು ಎರಡು ಮಾಡಿಕೊಂಡ ಒಂದು ಕೋಣೆ. ಇಷ್ಟು ಇವರ ಮನೆ. ದಿನವಿಡೀ ಮಾತಾಡಿ ಬಂದ ಅಕ್ಕ ಮನೆಯಲ್ಲಿ ತುಟಿ ಬಿಚ್ಚುವುದು ಕಡಿಮೆ. "ಸಂಬಳ ಕೊಟ್ರೆ ಆಕಾಶದ ಜೊತೆ ಮಾತಾಡ್ತಾಳೆ, ನನ್ನ ಜೊತೆ ಪುಕ್ಕಟೆ ಆಡೋಕಾಗಲ್ಲ," ಎಂದು ಅತ್ತೆ ನೆರೆಯವರ ಮುಂದೆ ದೂರುತ್ತಾರೆ. ದೂರಿದ ಮೇಲೆ ಸೊಸೆಯ ಗಂಟಲಿಗೆಂದು ಬಿಸಿನೀರು ಕಾಯಿಸಿ ಇಡುವವರೂ ಅವರೇ.

ಇಂದು ಬಿಸಿನೀರನ್ನು ಅಕ್ಕ ಅರ್ಧಕ್ಕೇ ಬಿಟ್ಟು ಬಂದಿದ್ದಾರೆ. ಹದಿನೈದು ದಿನಗಳ ಮೇಲೆ ಅವರ ಕೈಗೆ ವಾಕಿಟಾಕಿ ಮರಳಿರುವುದು ಇಂದೇ.

ಹದಿನೈದು ದಿನಗಳ ಹಿಂದೆ ಇದೇ ಅಂಚಿನಲ್ಲಿ ನಿಂತು ಗಾಜಿನ ಫಲಕವೊಂದನ್ನು ಮೇಲಕ್ಕೆ ನಡೆಸುತ್ತಿದ್ದರು. ಸೂರ್ಯ ಏರಿ ಪಕ್ಕದ ಕಟ್ಟಡದ ಗಾಜಿಗೆ ಬಡಿದು, ಇಡೀ ಓಣಿ ಬಿಳಿ ಬೆಂಕಿಯಂತಾಯಿತು. ಲೋಡು ಕಣ್ಣಿಂದ ಮರೆಯಾಯಿತು. ಬಾಯಿ ಮಾತ್ರ ನಿಲ್ಲಲಿಲ್ಲ. "ಮೇಲೆ, ಮೇಲೆ, ನಿಧಾನ" ಎಂಬ ಲಯ ತನ್ನಷ್ಟಕ್ಕೆ ಹರಿಯಿತು, ಕ್ರೇನು ನಂಬಿ ಎತ್ತಿತು. ಫಲಕ ಮಹಡಿಯ ಅಂಚಿಗೆ ತಗುಲಿ ಸಿಡಿಯಿತು. ಓಣಿಗೆ ತಡೆ ಹಾಕಿದ್ದರಿಂದ ಕೆಳಗೆ ಯಾರೂ ಇರಲಿಲ್ಲ. ಚೂರುಗಳನ್ನು ಕೆಳಗೆ ಕಟ್ಟಿದ್ದ ಬಲೆ ಹಿಡಿಯಿತು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ," ಎನ್ನುತ್ತಾರೆ ಅಕ್ಕ. "ನಂದು ಎರಡೂ ಒಟ್ಟಿಗೇ ಹೋಯ್ತು."

ಆ ದಿನ ಹದ್ದಣ್ಣ ಹೊತ್ತಿಗೆ ಮೊದಲೇ ಕೆಳಗಿಳಿದು ಬಂದು ಸೂಪರ್‌ವೈಸರಿಗೆ ಒಂದೇ ಮಾತು ಹೇಳಿದರು: "ಆ ದನಿ ನಂಗೆ ಬೇಡ." ಕಾಣದೆ ಎತ್ತುವವರಿಗೆ ಯಾರ ದನಿ ಬೇಕು, ಯಾರದು ಬೇಡ ಎನ್ನುವ ಹಕ್ಕು ಈ ಸೈಟಿನಲ್ಲಿದೆ. ಅಕ್ಕನಿಗೆ ಬಲೆಗೆ ಬಿದ್ದ ಕಸ ಆಯುವ ಕೆಲಸ ಕೊಟ್ಟರು. ಮೊದಲ ದಿನ ಅವರು ಆಯ್ದದ್ದು ತಾವೇ ಒಡೆಸಿದ ಗಾಜನ್ನು.

ಬದಲಿಗೆ ಬಂದವರು ಬೇರೆ ಸೈಟಿಗೆ ಹೋಗಿದ್ದಾರೆ. ಗಾಜು ಕಾಯುತ್ತಿದೆ, ಬಾಡಿಗೆಗೆ ಬರುವವರು ಕಾಯುತ್ತಿದ್ದಾರೆ. ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಸೂಪರ್‌ವೈಸರ್ ಮಹಡಿ ಹತ್ತಿ ಬಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ನೋಡಮ್ಮಾ, ಇವತ್ತು ಮೂರು ಲೋಡು. ಮೂರೂ ಆದ್ಮೇಲೆ ಆ ಮನುಷ್ಯ ಬೇಡ ಅಂದ್ರೆ ನನ್ನ ಕೈಲೇನೂ ಇಲ್ಲ. ನೀನು ಕೆಳಗೇ."

"ಆಯ್ತು ಸರ್."

"ಕಚೇರಿ ಜನರ ಗಾಡಿ ಬರೋಷ್ಟರಲ್ಲಿ ಓಣಿ ಬಿಟ್ಟುಕೊಡ್ಬೇಕು. ಬಿಸಿಲು ಬರೋದ್ರೊಳಗೆ ಮುಗಿಸ್ತೀಯಾ?"

"ಬಿಸಿಲು ನನ್ನ ಮಾತು ಕೇಳಿದ್ರೆ ಮುಗಿಸ್ತೀನಿ ಸರ್."

ಮೊದಲ ಎರಡು ಫಲಕಗಳು ಸಲೀಸಾಗಿ ಏರುತ್ತವೆ. ಅಕ್ಕನ ದನಿಯಲ್ಲಿ ಏರಿಳಿತವಿಲ್ಲ, ಮಗುವಿಗೆ ನಿದ್ದೆ ಬರಿಸುವವರ ದನಿಯಂತೆ ಸಮನಾಗಿದೆ. ಆದರೆ ಕೈಯಲ್ಲಿ ವಾಕಿಟಾಕಿ ಹಿಡಿದ ಬೆರಳುಗಳ ತುದಿಗಳು ಬಿಳುಚಿವೆ. ಪ್ರತಿ ಲೋಡು ಇಳಿದಾಗಲೂ ಮೇಲಿನಿಂದ ಅದೇ 'ಟಕ್'.

ಮೂರನೆಯದು ಮೂಲೆಗೆ ಕೂರುವ ದೊಡ್ಡ ಫಲಕ. ಅದು ತಿರುಗದಂತೆ ಕೆಳಗಿನಿಂದ ಇಬ್ಬರು ಹಗ್ಗ ಹಿಡಿದಿರುತ್ತಾರೆ. ಹಗ್ಗವೊಂದು ಲಾರಿಯ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸುವಷ್ಟರಲ್ಲಿ ಆಕಾಶದ ಬಣ್ಣ ಬದಲಾಗಿದೆ. ಅಕ್ಕ ಒಮ್ಮೆ ಪೂರ್ವದ ಕಡೆ ನೋಡುತ್ತಾರೆ, ಒಮ್ಮೆ ಸೂಪರ್‌ವೈಸರನ್ನು ನೋಡುತ್ತಾರೆ. ಅವರು ತಲೆಯಾಡಿಸುತ್ತಾರೆ: ಎತ್ತು.

"ಕ್ರೇನ್, ಮೇಲೆ. ಮೇಲೆ. ನಿಧಾನ. ಮೇಲೆ."

ಫಲಕ ಏಳುತ್ತದೆ. ಮೂರನೇ ಮಹಡಿ, ಆರನೇ ಮಹಡಿ. ಒಂಬತ್ತನೇ ಮಹಡಿಯ ಕಿಟಕಿಯಾಚೆ ಬೇಗ ಬಂದ ಒಬ್ಬರು ಕಾಫಿ ಕಪ್ಪು ಹಿಡಿದು ನಿಂತಿದ್ದಾರೆ. ಆಗ ಪಕ್ಕದ ಕಟ್ಟಡಕ್ಕೆ ಬಿಸಿಲು ತಗಲುತ್ತದೆ. ಸಂದಿಯೆಲ್ಲ ಒಮ್ಮೆಲೇ ಬೆಳ್ಳಗಾಗುತ್ತದೆ. ಹಿಂದೆ ನಿಂತ ನಾವೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತೇವೆ. ಗಾಜು ಎಲ್ಲಿ, ಬೆಳಕು ಎಲ್ಲಿ, ತಿಳಿಯುವಂತಿಲ್ಲ.

ಅಕ್ಕನ ಮಾತು ನಿಂತಿದೆ.

ಕ್ರೇನು ನಿಲ್ಲುತ್ತದೆ. ಎಲ್ಲೋ ಆ ಬೆಳಕಿನೊಳಗೆ ಫಲಕ ತೂಗುತ್ತಿದೆ, ಉಕ್ಕಿನ ಹಗ್ಗ ಕಿರ್ ಎನ್ನುವುದಷ್ಟೇ ಕೇಳಿಸುತ್ತದೆ. ಸೂಪರ್‌ವೈಸರ್ ಎರಡು ಹೆಜ್ಜೆ ಮುಂದೆ ಬರುತ್ತಾರೆ.

"ಏನಾದ್ರೂ ಹೇಳಮ್ಮಾ! ಹಾಗೇ ಬಿಟ್ರೆ ಗಾಳಿಗೆ ತಿರುಗುತ್ತೆ!"

ಅಕ್ಕ ತಿರುಗುವುದಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಚಾಚಿ, ಅಂಗೈ ತೋರಿಸಿ, ಅಲ್ಲೇ ಇರಿ ಎನ್ನುತ್ತಾರೆ.

"ಅಮ್ಮಾ, ಅವನು ಮತ್ತೆ ಬೇಡ ಅಂತಾನೆ, ಏನಾದ್ರೂ ಒಂದು ಹೇಳು!"

ಇಲ್ಲ. ಕೆಳಗಿನಿಂದ ಯಾರೋ ಕೂಗುತ್ತಿದ್ದಾರೆ. ಒಬ್ಬ ಹೆಂಗಸು ಸುಮ್ಮನಿದ್ದರೆ ಅವಳಿಗೆ ಗೊತ್ತಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಅದು ನಿಜವೂ ಹೌದು: ಆ ಗಳಿಗೆಯಲ್ಲಿ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದನ್ನು ಇಷ್ಟು ಜನರ ಮುಂದೆ ಹೊತ್ತು ನಿಲ್ಲುವುದು ಎಷ್ಟು ಭಾರವೆಂದು ಆ ಬೆನ್ನೇ ಹೇಳುತ್ತಿದೆ. ಹದ್ದಣ್ಣ ಏನನ್ನೂ ಕೇಳುವುದಿಲ್ಲ.

ಮೋಡದ ತುಣುಕೊಂದು ಸರಿದು ಬೆಳಕು ಮಾಸುತ್ತದೆ. ಫಲಕ ಕಾಣುತ್ತದೆ. ಅದು ಓರೆಯಾಗಿ ತಿರುಗಿದೆ. ಅದರ ಮೇಲಿನ ಮೂಲೆ ಮಹಡಿಯ ಅಂಚಿನಿಂದ ಹೊರಚಾಚಿದ ಕಬ್ಬಿಣದ ಸಲಾಕೆಯ ಕೆಳಗೆ ಬಂದು ನಿಂತಿದೆ. ಇನ್ನು ಒಂದು ಮೊಳ ಎತ್ತಿದ್ದರೆ ಸಿಕ್ಕಿಕೊಳ್ಳುತ್ತಿತ್ತು.

"ಕ್ರೇನ್," ಎನ್ನುತ್ತಾರೆ ಅಕ್ಕ. "ಕ್ರೇನ್, ಕೆಳಗೆ. ಒಂದು ಗೇಣು ಕೆಳಗೆ. ನಿಲ್ಲಿ. ಕೆಳಗಿನವರು ಎಡಕ್ಕೆ ಎಳೀತಿದಾರೆ, ತಿರುಗ್ತಿದೆ, ತಿರುಗ್ತಿದೆ, ಬಿಡಿಸ್ಕೊಳ್ತು. ಈಗ ಮೇಲೆ. ಮೇಲೆ. ಮೇಲೆ."

ಫಲಕ ನಮ್ಮ ಮುಂದೆಯೇ ಹಾದು ಏರುತ್ತದೆ. ಅದರಲ್ಲಿ ಒಂದು ಕ್ಷಣ ಹಳದಿ ಹೆಲ್ಮೆಟ್ಟಿನ ಹೆಂಗಸಿನ ಪ್ರತಿಬಿಂಬ ಮೂಡಿ ಕೆಳಕ್ಕೆ ಜಾರುತ್ತದೆ. ಇಪ್ಪತ್ತೆರಡನೇ ಮಹಡಿಯಲ್ಲಿ ಕೈಗಳು ಅದನ್ನು ಹಿಡಿದುಕೊಳ್ಳುತ್ತವೆ. ಕೊಕ್ಕೆ ಬಿಚ್ಚಿದ ಸುದ್ದಿ ಬರುವವರೆಗೂ ಅಕ್ಕ ಮಾತಾಡುತ್ತಲೇ ಇರುತ್ತಾರೆ. ಬಂದ ಮೇಲೆ ಕಂಬಕ್ಕೆ ಒರಗಿ ನೆಲಕ್ಕೆ ಕುಸಿದು ಕೂರುತ್ತಾರೆ. ಮೇಲಿನಿಂದ ಏನೂ ಬರುವುದಿಲ್ಲ. ಈ ಸಲ 'ಟಕ್' ಕೂಡ ಇಲ್ಲ.

"ಮುಗೀತು ನನ್ನ ಕಥೆ," ಎನ್ನುತ್ತಾರೆ.

ಊಟದ ಹೊತ್ತಿಗೆ ಹದ್ದಣ್ಣ ಇಳಿದು ಬರುತ್ತಾರೆ. ನರೆತ ಮೀಸೆಯ, ಸಣಕಲು ದೇಹದ ಮನುಷ್ಯ. ಏಣಿ ಇಳಿದ ಮೊಣಕಾಲು ಸರಿಹೋಗಲು ಸ್ವಲ್ಪ ಹೊತ್ತು ನಿಂತೇ ಇರುತ್ತಾರೆ. ಆಮೇಲೆ ತಗಡಿನ ನೆರಳಿನಲ್ಲಿ ಎಲ್ಲರ ನಡುವೆ ಡಬ್ಬಿ ಬಿಚ್ಚಿ ಕುಳಿತ ಅಕ್ಕನ ಮುಂದೆ ಬರುತ್ತಾರೆ.

"ಏನು ತಾಯಿ, ಬಾಯಿಗೆ ಬೀಗ ಹಾಕ್ಕೊಂಡುಬಿಟ್ರಿ?"

"ಕಾಣ್ಲಿಲ್ಲ ಅಣ್ಣಾ."

"ಅವತ್ತೂ ಕಾಣ್ಲಿಲ್ಲ."

ಅಕ್ಕ ಡಬ್ಬಿಯ ಮುಚ್ಚಳವನ್ನು ಮುಚ್ಚುತ್ತಾರೆ, ತೆರೆಯುತ್ತಾರೆ. "ಅವತ್ತು ಕಾಣಲ್ಲ ಅಂತ ತೋರಿಸ್ಕೊಳ್ಳೋಕೆ ನಾಚಿಕೆ ಆಯ್ತು. ಸುಮ್ಮನಾದ್ರೆ, ಹೆಂಗಸಿಗೆ ಕೊಟ್ಟಿದ್ದೇ ತಪ್ಪು ಅಂತೀರಾ ಅಂತ. ಅದಕ್ಕೇ ವಟಗುಟ್ಟಿದೆ."

ಹದ್ದಣ್ಣ ನಿಂತಲ್ಲೇ ನೀರು ಕುಡಿಯುತ್ತಾರೆ.

"ಇವತ್ತು ನನ್ನ ಕೈ ನಡುಗಿಹೋಯ್ತು," ಎನ್ನುತ್ತಾರೆ ಆಮೇಲೆ. "ಲೋಡು ಇಳಿಸಿದ್ಮೇಲೆ ಗುಂಡಿ ಒತ್ತೋಕೂ ಆಗ್ಲಿಲ್ಲ." ಹಾಗೆಂದವರು ಸೂಪರ್‌ವೈಸರ್ ಕಡೆ ತಿರುಗುತ್ತಾರೆ. "ನಾಳೆ ಎಷ್ಟಿದೆ?"

"ಐದು."

"ಬಿಸಿಲು ಇಳಿದ್ಮೇಲೆ ಇಟ್ಕೊಳ್ಳಿ. ಓಣಿ ಬಿಡಲ್ಲ ಅಂದ್ರೆ ಬಾಡಿಗೆಯವರ ಹತ್ರ ನೀವು ಮಾತಾಡಿ. ಇವರೇ ಇರ್ಲಿ."

ಅಷ್ಟು ಹೇಳಿ ತಮ್ಮ ಡಬ್ಬಿ ಹುಡುಕುತ್ತಾ ಹೋಗುತ್ತಾರೆ. ಅಕ್ಕ ತಲೆ ತಗ್ಗಿಸಿ ಉಣ್ಣತೊಡಗುತ್ತಾರೆ. ತುತ್ತು ದೊಡ್ಡದಾಗಿ ಕೆಮ್ಮುತ್ತಾರೆ, ಪಕ್ಕದವಳು ಬೆನ್ನಿಗೆ ಗುದ್ದಿ "ಉಸಿರಾಡಕ್ಕಾ, ನಿನ್ನ ಲೋಡೂ ಇಳೀಲಿ" ಎಂದಾಗ ತಗಡಿನ ನೆರಳೆಲ್ಲ ನಗುತ್ತದೆ.

ಇನ್ನು ನಾಲ್ಕು ಮಹಡಿ ಏರಿದರೆ ಕಟ್ಟಡ ಮುಗಿಯುತ್ತದೆ. ಕೊನೆಯ ಕೆಂಪು ಪಟ್ಟಿ ಬಿದ್ದ ಮೇಲೆ ಕ್ರೇನನ್ನು ಬಿಚ್ಚಿ ಇನ್ನೊಂದು ರಸ್ತೆಗೆ ಒಯ್ಯುತ್ತಾರೆ. ಅದಕ್ಕೂ ಮೊದಲು ನಿಮಗೇನಾದರೂ ಆಸೆ ಇದೆಯೇ ಎಂದು ನಾವು ಕೇಳಿದರೆ ಅಕ್ಕ ಕೈ ತೊಳೆಯುತ್ತಾ ಯೋಚಿಸುತ್ತಾರೆ.

"ಒಂದ್ಸಲ ಅಣ್ಣನ ಗೂಡಿಗೆ ಹತ್ತಬೇಕು. ಮೇಲಿಂದ ಊರು ನೋಡೋಕಲ್ಲ. ಅಲ್ಲಿ ಕೂತವರಿಗೆ ಏನೇನು ಕಾಣಲ್ಲ ಅಂತ ಒಂದ್ಸಲ ನೋಡ್ಕೊಂಡು ಬರ್ಬೇಕು."